ಪುಟ್ಟ ಗುಂಡಿಗಳ ಅಂಗಿ

"ನಾನು ಹೊಲಿಯೋ ಮೊದಲನೇ ಅಂಗಿ ನಿನಗೇ ಅಮ್ಮ" ಎಂದು ಮಗಳು ಚಿಕ್ಕಂದಿನಲ್ಲೇ ಮಾತು ಕೊಟ್ಟಿದ್ದಳು. ಆ ಅಂಗಿ ಈಗ ಅಮ್ಮನ ಮೈಮೇಲಿತ್ತು. ಕೀಲುವಾತದ ಹೆಂಗಸರು ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಳ್ಳುವ ಕೂಟಕ್ಕೆ ಅವಳು ಮೊದಲ ಸಲ ಹೊರಟಿದ್ದಳು. ಅಂಗಿಗೆ ಕತ್ತಿನಿಂದ ಕೆಳಗಿನವರೆಗೆ ಒತ್ತೊತ್ತಾಗಿ ಪುಟ್ಟ ಗುಂಡಿಗಳು. ಮೇಲಿನದು ಅಮ್ಮನ ಬೆರಳಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು.

"ಕಾಜ ಚೆನ್ನಾಗೇ ಹೊಲ್ದಿದೀಯ ಕಣೇ. ನನ್ನ ಬೆರಳೇ ನನ್ನ ಮಾತು ಕೇಳಲ್ಲ" ಎಂದು ಅಮ್ಮ ನಕ್ಕಳು.

"ಬಿಡು, ನಾನು ಹಾಕ್ತೀನಿ."

"ಹಾಕ್ತೀಯ ಸರಿ, ಬಿಚ್ಚೋರ್ಯಾರು? ನೀನು ಕೆಲಸ ಮುಗಿಸ್ಕೊಂಡು ಬರೋ ಹೊತ್ತಿಗೆ ಕತ್ತಲಾಗಿರುತ್ತೆ."

ವರ್ಷಗಳಿಂದ ಅಮ್ಮ ತಲೆಯ ಮೇಲಿಂದ ಇಳಿಬಿಡುವ ಜೋಲು ಗೌನನ್ನೇ ತೊಡುತ್ತಿದ್ದಳು. ಅದಕ್ಕೆ ಒಂದೂ ಗುಂಡಿ ಇರಲಿಲ್ಲ. 'ಅದೇನಮ್ಮ ಸೋಮಾರಿ ವೇಷ' ಎಂದು ಮಗಳು ಬಂದವರೆದುರೇ ಹಂಗಿಸುತ್ತಿದ್ದಳು. ಜೊತೆಗಿದ್ದೂ ಅವಳು ದಿನಾ ನೋಡಿದ್ದು ಗೌನನ್ನು, ಅಮ್ಮನ ಬೆರಳುಗಳ ಆ ಊದಿದ ಗೆಣ್ಣುಗಳನ್ನಲ್ಲ.

"ಅಲ್ಲಿರೋರು ಗುಂಡಿ ಹೇಗೆ ಹಾಕ್ಕೋತಾರೋ ಕೇಳ್ಕೊಂಡು ಬರ್ತೀನಿ. ಏನಾದ್ರೂ ಉಪಾಯ ಇದ್ದೇ ಇರುತ್ತೆ" ಎಂದು ಅಮ್ಮ ಅಂಗಿಯನ್ನು ಕಳಚಿ, ನೀಟಾಗಿ ಮಡಿಸಿ ಮಗಳ ಕೈಗಿಟ್ಟು, ಹಳೇ ಗೌನಿನಲ್ಲೇ ಹೊರಟಳು.

ಮಗಳು ಕೊಟ್ಟ ಮಾತೇನೋ ನಡೆದಿತ್ತು; ಅಂಗಿ ಮಾತ್ರ ಅವಳ ಕೈಯಲ್ಲೇ ಉಳಿಯಿತು.