ವಿಳಂಬದ ಕಾರಣ

ಚಿಕಿತ್ಸೆ ತಡವಾದಾಗಲೆಲ್ಲ ರೋಗಿಯನ್ನೇ ದೂರುವ ಮಹನೀಯರೇ, ತಡೆದವರು ಯಾರೆಂದು ಎಂದಾದರೂ ವಿಚಾರಿಸಿದ್ದೀರಾ?

ಲಕ್ಷಕ್ಕೊಬ್ಬರಿಗೆ ಬರುವ ಕ್ಯಾನ್ಸರು ನೀಲಾಂಬಿಕೆಯ ಗಂಡನಿಗೆ ಬಂದಿತ್ತು. ಗಡ್ಡೆಯಿಂದ ತೆಗೆದ ಮಾಂಸದ ಚೂರನ್ನು ಇನ್ನೊಮ್ಮೆ ಪರೀಕ್ಷಿಸದೆ ಔಷಧಿ ಆರಂಭಿಸಲಾಗದೆಂದು ಡಾಕ್ಟರು ಹೇಳಿದ್ದರು. ಆ ಚೂರನ್ನು ರಾಷ್ಟ್ರೀಯ ಪರಿಶೀಲನಾ ಸಮಿತಿಯವರು ಒಯ್ದು ನಾಲ್ಕು ತಿಂಗಳಾಗಿತ್ತು. ಅವಳು ಏಳನೆಯ ಸಲ ಸಮಿತಿಯ ಕಚೇರಿಯ ಮೆಟ್ಟಿಲು ಹತ್ತಿದಳು.

"ಸಾಹೇಬ್ರ, ಅದನ್ನ ಕೊಟ್ಟಬಿಡ್ರಿ. ಗಡ್ಡಿ ದಿನಾ ಬೆಳ್ಯಾಕತ್ತೈತಿ."

"ತಾಳಮ್ಮ," ಎಂದರು ಅಧಿಕಾರಿ. "ಈ ಕಾಯಿಲೆಗೆ ದೇಶದಲ್ಲೆಲ್ಲ ಚಿಕಿತ್ಸೆ ಯಾಕೆ ತಡವಾಗ್ತಿದೆ ಅಂತಲೇ ನಾವು ಪತ್ತೆ ಹಚ್ತಿರೋದು. ವರದಿ ಮುಗಿಯೋವರೆಗೆ ಈ ಕಪಾಟಿನಿಂದ ಒಂದು ಚೂರೂ ಹೊರಗೆ ಹೋಗೋ ಹಾಗಿಲ್ಲ."

"ಹಂಗಾರ ಯಾಕ ತಡಾ ಆತು ಅಂತ ನಾನ ಹೇಳ್ತೀನಿ, ಬರ್ಕೋರಿ. ನಿಮ್ಮ ಕಪಾಟಿನ ಬೀಗ."

ಅಧಿಕಾರಿ ವಿಳಂಬದ ಕಾರಣಗಳನ್ನು ಅಚ್ಚು ಹಾಕಿದ್ದ ಅರ್ಜಿ ನಮೂನೆಯೊಂದನ್ನು ತೆಗೆದು ಮೇಲಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿದರು. ಅಂಥ ಕಾರಣಕ್ಕೆ ಅದರಲ್ಲಿ ಜಾಗವಿರಲಿಲ್ಲ. 'ರೋಗಿಯ ಕಡೆಯವರ ಅಸಹಕಾರ' ಎಂಬಲ್ಲಿ ಗುರುತು ಹಾಕಿ, ಕಾಗದವನ್ನು ಅವಳತ್ತ ತಿರುಗಿಸಿದರು.

"ಇಲ್ಲೊಂದು ಸಹಿ ಮಾಡಿ."

ಓದುಗರೇ, ಎಂಟನೆಯ ಸಲ ಅವಳೊಂದಿಗೆ ನೀವೂ ಆ ಮೆಟ್ಟಿಲು ಹತ್ತಿರಿ.