ಹಳೆಯ ಪಿಸ್ತೂಲಿಗೆ ಬಿಸಿನೀರು

ಡಾಗ್‌ವುಡ್ ಮರಗಳು ಬಿಳಿ ಹೂ ಬಿಟ್ಟು, ಇನ್ನು ಚಳಿಗಾಲ ಮುಗಿಯಿತೆಂದು ಎಲ್ಲರೂ ನೆಮ್ಮದಿಯಾಗಿದ್ದಾಗ, ಹೊರಟುಹೋಗಿದ್ದ ಚಳಿ ಏನನ್ನೋ ಮರೆತವರಂತೆ ಆ ಬೆಳಿಗ್ಗೆ ಕಣಿವೆಗೆ ಮರಳಿ ಬಂದಿತ್ತು. ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅದನ್ನು ಚರಚರ ತುಳಿಯುತ್ತ ಥರ್ಮನ್ ಬಂದು, ತೀರಿಹೋದ ಹೆಂಡತಿಯ ತಮ್ಮ ವರ್ಲಿನ್‌ನ ಅಡುಗೆಮನೆ ಬಾಗಿಲಲ್ಲಿ ನಿಂತ.

"ನನ್ನ ಪಿಸ್ತೂಲು ಕೊಡೋ," ಎಂದ. "ಕ್ಲೀನ್ ಮಾಡಿ ಕೊಡ್ತೀನಿ ಅಂತ ತಗೊಂಡು ಹೋದೋನು, ಒಂದು ಚಳಿಗಾಲವೇ ಕಳೀತು. ಇಷ್ಟೊತ್ತಿಗೆ ಕಲ್ಲಿದ್ದಲ ರೈಲನ್ನೇ ತೊಳೆದು ನಿಲ್ಲಿಸಬಹುದಿತ್ತು."

"ಒಳಗೆ ಬಾ ಭಾವ. ಕಾಫಿ ಬಿಸಿ ಇದೆ."

ಕೆಂಟಕಿಯ ಆ ಬೆಟ್ಟಗಳಲ್ಲಿ ಒಂದು ಮನೆಯಲ್ಲಿ ಸಾವಾಗಿ, ಉಳಿದವನು ಊಟ ಬಿಟ್ಟು ಗೋಡೆ ನೋಡುತ್ತ ಕುಳಿತನೆಂದರೆ, ನೆಂಟನೋ ನೆರೆಯವನೋ ಹೋಗಿ, 'ನಿನ್ನ ಪಿಸ್ತೂಲು ತುಕ್ಕು ಹಿಡೀತಿದೆ, ಕ್ಲೀನ್ ಮಾಡಿ ಕೊಡ್ತೀನಿ' ಎನ್ನುತ್ತಾನೆ. ಅದನ್ನು ಯಾಕೆ ಒಯ್ಯುತ್ತಿದ್ದಾನೆಂದು ಇಬ್ಬರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಕ್ಕ ಡೆಲ್ಫಾಳನ್ನು ಮಣ್ಣು ಮಾಡಿ ಬಂದ ಕೆಲವೇ ದಿನಗಳಲ್ಲಿ ವರ್ಲಿನ್ ಹಾಗೆಯೇ ಒಯ್ದಿದ್ದ. ಕೇಳಿದಾಗ ಮರಳಿಸುವುದಾಗಿ ಮಾತು ಕೊಟ್ಟಿದ್ದ. ಚರ್ಚಿನಲ್ಲಿ ಹಿರಿಯನೆನಿಸಿಕೊಂಡವನ ಮಾತು. ಈಗ ಭಾವ ಕೇಳುತ್ತಿದ್ದಾನೆ. ಕೊಡದಿದ್ದರೆ ಮಾತು ಹೋಗುತ್ತದೆ, ಕೊಟ್ಟರೆ ಭಾವನೇ ಹೋದಾನೋ ಏನೋ.

ಹಾಸಿಗೆ ಪೆಟ್ಟಿಗೆಯ ತಳದಿಂದ ವರ್ಲಿನ್ ತಗಡಿನ ಡಬ್ಬ ತಂದ. ಒಳಗಿದ್ದ ಪಿಸ್ತೂಲು ರುಮೇನಿಯಾದ ಸೈನ್ಯ ತನಗೆ ಬೇಡವೆಂದು ಮಾರಿದ ಹಳೆಯ ಮಾಲು. ಗಣಿ ಕೆಲಸ ಬಿಟ್ಟ ವರ್ಷ ಥರ್ಮನ್ ಅದನ್ನೂ, ಆ ಸೈನ್ಯದ್ದೇ ಹಳೆಯ ಗುಂಡುಗಳನ್ನೂ ಕೊಂಡಿದ್ದ. ವರ್ಲಿನ್ ಮ್ಯಾಗಜೀನ್ ತೆಗೆದು, ಸ್ಲೈಡ್ ಹಿಂದಕ್ಕೆಳೆದು, ಒಳಗೆ ಗುಂಡಿಲ್ಲವೆಂದು ನೋಡಿ ಭಾವನಿಗೂ ತೋರಿಸಿದ. ಅವನೂ ಬಗ್ಗಿ ನೋಡಿ ತಲೆಯಾಡಿಸಿದ.

"ಒಂದ್ಸಲನಾದ್ರೂ ಬಿಚ್ಚಿದ್ಯಾ?"

"ಇಲ್ಲ ಭಾವ. ಮುಟ್ಟೋಕೇ ಮನಸ್ಸಾಗ್ಲಿಲ್ಲ."

"ಸುಳ್ಳುಬುರುಕ! ಭಾನುವಾರ ಪ್ರಾರ್ಥನೆಗೆ ಮುಂದೆ ನಿಂತ್ಕೊಳ್ಳೋನು ಬೇರೆ."

"ಈಗ ಮಾಡ್ತೀನಿ. ಇಲ್ಲೇ ಕೂತು ನೋಡು," ಎಂದು ವರ್ಲಿನ್ ಹಳೆಯ ಟವೆಲು ಹಾಸಿ, ಸ್ಲೈಡ್, ಸ್ಪ್ರಿಂಗ್, ನಳಿಗೆ ಎಲ್ಲವನ್ನೂ ಬಿಡಿಸಿಟ್ಟು ಎಣ್ಣೆ ಡಬ್ಬಿಗೆ ಕೈ ಹಾಕಿದ.

"ಎಣ್ಣೆ ಪಕ್ಕಕ್ಕಿಡು," ಎಂದ ಥರ್ಮನ್. "ಮೊದ್ಲು ನೀರು ಕಾಯ್ಸು."

ವರ್ಲಿನ್‌ನ ಕೈ ಅಲ್ಲೇ ನಿಂತಿತು. ಈ ಪಾಠ ಕಲಿಸಿದವನೇ ಥರ್ಮನ್. ಆ ಹಳೆಯ ಗುಂಡು ಹಾರಿಸಿದರೆ ನಳಿಗೆಯೊಳಗೆ ಉಪ್ಪು ಕೂರುತ್ತದೆ. ಎಣ್ಣೆ ಆ ಉಪ್ಪನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ತೆಗೆಯಲು ಬಿಸಿನೀರೇ ಆಗಬೇಕು. ಹಾರಿಸದ ಪಿಸ್ತೂಲಿಗೆ ಯಾರೂ ನೀರು ಸೋಕಿಸುವುದಿಲ್ಲ.

ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳಗೆಲ್ಲ ಕಂದು ತುಕ್ಕು.

"ಭಾವ, ನೀನು ಹೊಡೆದ ದಿನಾನೇ ತೊಳೆಯೋ ಮನುಷ್ಯ. ಇದು ಯಾವಾಗಿಂದು?"

ಥರ್ಮನ್ ಕಾಫಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. "ನೀನು ಬಂದು ತಗೊಂಡು ಹೋದ್ಯಲ್ಲ, ಅದರ ಹಿಂದಿನ ದಿನ."

"ಯಾವುದಕ್ಕೆ ಹೊಡ್ದೆ?"

"ನೆಲಕ್ಕೆ." ಲೋಟ ಕೆಳಗಿಟ್ಟು ಹೇಳಿದ, "ನೆಲಕ್ಕೆ ಹೊಡೀಬೇಕು ಅಂತ ಎತ್ತಿದ್ದಲ್ಲ. ಕೊನೇ ಗಳಿಗೇಲಿ ಕೈ ಕೆಳಗೆ ಬಂತು. ಯಾಕೆ ಬಂತೋ, ನಂಗೊತ್ತಿಲ್ಲ. ನಿಮ್ಮಕ್ಕ ಹೆಣೆದ ಚಿಂದಿ ಹಾಸು ಈಗ ನಮ್ಮನೇಲಿ ಒಲೆ ಮುಂದೆ ಬಿದ್ದಿದೆಯಲ್ಲ, ತೂತು ಅದರ ಕೆಳಗಿದೆ."

ವರ್ಲಿನ್ ಎದ್ದು ಕೆಟಲು ಒಲೆಯ ಮೇಲಿಟ್ಟ. ಆ ಕೈಯನ್ನು ಕೆಳಗಿಳಿಸಿದವನು ಯಾರೆಂದು ಅವನಿಗೆ ಸಂಶಯವಿರಲಿಲ್ಲ. ಆದರೂ ಆ ಹೆಸರೆತ್ತಲಿಲ್ಲ; ಬೆನ್ನು ತಿರುಗಿಸಿ ನಿಂತು, ನೀರು ಕುದಿಯುವಷ್ಟು ಹೊತ್ತು ಮನಸ್ಸಿನಲ್ಲೇ ಕೈಮುಗಿದ.

"ಕೊಡಿಲ್ಲಿ, ನಿನ್ನ ಕೈ ಸುಟ್ಟೀತು. ನಂದು ಗಣಿ ಕೈ," ಎಂದು ಥರ್ಮನ್ ನಳಿಗೆಯನ್ನು ಬಟ್ಟೆಯಲ್ಲಿ ಹಿಡಿದುಕೊಂಡ. ವರ್ಲಿನ್ ಹುಯ್ದ. ಕಂದು ನೀರು ಇಳಿಯಿತು, ಆಮೇಲೆ ಹಳದಿ, ಆಮೇಲೆ ತಿಳಿ. ಒಣಗಿಸಿ, ಎಣ್ಣೆಯದ್ದಿದ ಬ್ರಶ್ಶಿನಿಂದ ಒಬ್ಬರಾದ ಮೇಲೊಬ್ಬರು ಉಜ್ಜಿದರು. ಹಳೆಯ ಅಂಗಿಯ ತುಂಡುಗಳು ಕೊಳೆ ಹೊತ್ತು ಹೊರಬಂದವು. ಕೊನೆಯ ತುಂಡು ಬೆಳ್ಳಗೆ ಬಂತು. ಥರ್ಮನ್ ನಳಿಗೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಹೊಳೆಯುತ್ತಿತ್ತು.

ವರ್ಲಿನ್ ಸ್ಲೈಡ್ ಜಾರುವ ಕಡೆ ಎಣ್ಣೆ ಬಿಟ್ಟ.

"ಸಾಕು, ಸಾಕೋ ಮಾರಾಯ! ಒಂದು ತೊಟ್ಟು ಅಂದ್ರೆ ಕೋಳಿ ಕರಿಯೋಷ್ಟು ಸುರೀತಿದ್ಯಲ್ಲ!" ಎಂದು ಥರ್ಮನ್ ನಕ್ಕುಬಿಟ್ಟ. ಡೆಲ್ಫಾ ಹೋದಮೇಲೆ ಆ ನಗುವನ್ನು ವರ್ಲಿನ್ ಕೇಳಿರಲಿಲ್ಲ. ಕೇಳಿ ಸಂತೋಷಪಟ್ಟ, ಆದರೆ ಸಂತೋಷದ ಹಿಂದೆಯೇ ಹೆದರಿಕೆಯೂ ಬಂತು. ಕೆಲಸ ಮುಗಿದಿತ್ತು. ಮುಂದೂಡಲು ಇನ್ನೇನೂ ಉಳಿದಿರಲಿಲ್ಲ.

ಎಲ್ಲವನ್ನೂ ಜೋಡಿಸಿ ಪಿಸ್ತೂಲನ್ನು ಭಾವನ ಮುಂದಿಟ್ಟ.

"ತಗೋ ಭಾವ. ನಿನ್ನದು."

ಥರ್ಮನ್ ಅದನ್ನು ಕೈಗೆತ್ತಿಕೊಂಡು, ಸ್ಲೈಡ್ ಎಳೆದು, ಖಾಲಿಯಿದೆಯೆಂದು ನೋಡಿದ. ಮೇಜಿನ ಮೇಲೆ ಬಿದ್ದಿದ್ದ ಆ ಬಿಳಿಯ ಬಟ್ಟೆ ತುಂಡನ್ನೂ ನೋಡಿದ. ಆಮೇಲೆ ಪಿಸ್ತೂಲನ್ನು ಡಬ್ಬದಲ್ಲಿ ಮಲಗಿಸಿ, ಮುಚ್ಚಳ ಒತ್ತಿ, ಮೆಲ್ಲಗೆ ವರ್ಲಿನ್‌ನ ಕಡೆಗೆ ಸರಿಸಿದ.

"ಇನ್ನೂ ಕ್ಲೀನಾಗಿಲ್ಲ ಕಣೋ," ಎಂದ. "ಇನ್ನೊಂದಷ್ಟು ದಿನ ನಿನ್ನ ಹತ್ರಾನೇ ಇರ್ಲಿ."