ಚಹಾ ಕುಡಿಯುವಷ್ಟು ಹೊತ್ತು

ಶಾಲೆಯ ಕ್ಯಾಂಟೀನು ಮುಚ್ಚಿತ್ತು, ಅದೇ ಎಡವಟ್ಟಾಯಿತು. ಚಹಾ ಸಿಗದೆ ಗೊಣಗುತ್ತಾ ವಾಪಸು ಬಂದ ಡಿಸ್ಕೋ ತಾತ ಸಭಾಂಗಣದ ಬಾಗಿಲು ತಳ್ಳಿ ನೋಡುತ್ತಾರೆ, ಸೊಸೆ ಏಣಿಯ ಮೇಲಿದ್ದಾಳೆ! ಕೈಯಲ್ಲಿ ಸ್ಪ್ಯಾನರು. ಐದು ನಿಮಿಷದ ಹಿಂದೆ ತಾವೇ ಅಡ್ಡ ಪೈಪಿಗೆ ಕಟ್ಟಿ, "ಮುಗೀತು" ಎಂದು ಕೈ ಒರೆಸಿಕೊಂಡು ಹೋಗಿದ್ದ ಎಂಟು ಲೈಟುಗಳಲ್ಲಿ ಒಂದನ್ನು ಅವಳು ಮತ್ತೆ ಬಿಗಿ ಮಾಡುತ್ತಿದ್ದಾಳೆ.

"ಏನಮ್ಮಾ ಅದು?"

ಸೊಸೆ ಬೆಚ್ಚಿಬಿದ್ದಳು. "ಏನಿಲ್ಲ ಮಾವ, ಸುಮ್ನೆ ಧೂಳು ಒರೆಸ್ತಿದ್ದೆ."

"ಸ್ಪ್ಯಾನರಲ್ಲಿ ಧೂಳು ಒರೆಸ್ತಾರಾ? ನನ್ನ ಕಿವಿ ಮೇಲೆ ಹೂ ಇಡ್ಬೇಡ. ಇಳಿ ಕೆಳಗೆ!"

ನಲವತ್ತು ವರ್ಷ ವ್ಯಾನಿನಲ್ಲಿ ಲೈಟು, ಸ್ಪೀಕರು ತುಂಬಿಕೊಂಡು ಹೋಗಿ ಕಂಡವರ ಮನೆ ಸಂಭ್ರಮವನ್ನೆಲ್ಲ ಕುಣಿಸಿದ ಜೀವ ಅದು. ವಯಸ್ಸಾಯಿತೆಂದು ಹಾಡು ಹಾಕುವ ಕೆಲಸವನ್ನು ಸೊಸೆಗೆ ಬಿಟ್ಟುಕೊಟ್ಟಿದ್ದರು. ಕಟ್ಟುವ ಕೆಲಸವನ್ನಲ್ಲ. ತೂಕದ ಸಾಮಾನನ್ನು ಜನರ ತಲೆಯ ಮೇಲೆ ತೂಗುಹಾಕುವುದೆಂದರೆ ಹುಡುಗಾಟವೇ? ಅದಕ್ಕೆ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

"ಎಷ್ಟು ದಿನದಿಂದ ನಡೀತಿದೆ ಈ ಕಳ್ಳಾಟ?"

"ಹೋದ ಬೇಸಿಗೆಯಿಂದ," ಎಂದಳು ಸೊಸೆ, ಏಣಿ ಇಳಿದು ತಲೆ ತಗ್ಗಿಸಿ. "ನೀವು ಚಹಾಕ್ಕೆ ಹೋದಾಗೆಲ್ಲ."

ತಾತನಿಗೆ ಮೈಯೆಲ್ಲ ಉರಿದುಹೋಯಿತು. ಬೇಸಿಗೆಯಿಂದ! ಪ್ರತಿ ಸಲವೂ "ಹೋಗಿ ಮಾವ, ಚಹಾ ಕುಡ್ಕೊಂಡು ನಿಧಾನಕ್ಕೆ ಬನ್ನಿ" ಎಂದು ಅಕ್ಕರೆಯಿಂದ ಕಳಿಸುತ್ತಿದ್ದದ್ದು ಇದಕ್ಕಾ? "ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೇ ಹೇಳ್ಬಹುದಿತ್ತಲ್ಲ."

"ಬೈಯೋದಾದ್ರೆ ಆಮೇಲೆ ಬೈಯಿರಿ ಮಾವ. ಮೊದ್ಲು ಒಂದ್ಸಲ ಹತ್ತಿ ನೋಡಿ. ಬಲಗಡೆಯಿಂದ ಎರಡನೇದು. ಅದನ್ನ ನಾನಿನ್ನೂ ಮುಟ್ಟಿಲ್ಲ."

ತಾತ ದುಮುಗುಡುತ್ತಲೇ ಹತ್ತಿದರು. ಲೈಟನ್ನು ಪೈಪಿಗೆ ಕಚ್ಚಿಸುವ ಕ್ಲಾಂಪಿನ ಬೋಲ್ಟಿಗೆ ಬೆರಳಿಟ್ಟರು. ಸ್ಪ್ಯಾನರೇ ಬೇಕಾಗಲಿಲ್ಲ, ಬೆರಳಿಗೇ ತಿರುಗಿತು. ಸರಿ, ಕೈಯಲ್ಲಿ ಮೊದಲಿನ ಕಸುವಿಲ್ಲ ಎಂದುಕೊಳ್ಳೋಣ. ಆದರೆ ಸೇಫ್ಟಿ ವೈರು? ಕ್ಲಾಂಪು ಕೈಕೊಟ್ಟರೂ ಲೈಟು ಕೆಳಗೆ ಬರದೆ ನೇತಾಡಿಕೊಂಡಿರಲಿ ಅಂತ ತಾನೆ ಆ ವೈರನ್ನು ಪೈಪಿಗೆ ಸುತ್ತುವುದು? ಅವರು ಅದನ್ನು ಪೈಪಿಗೆ ಸುತ್ತಿರಲಿಲ್ಲ, ಕ್ಲಾಂಪಿಗೇ ಸುತ್ತಿದ್ದರು. ಕ್ಲಾಂಪು ಜಾರಿದರೆ ಲೈಟು, ವೈರು ಎಲ್ಲವೂ ಒಟ್ಟಿಗೇ ಕೆಳಗೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೊಸೆ ಇದೇ ತಪ್ಪು ಮಾಡಿದಾಗ ಮೂರು ದಿನ ಅವಳನ್ನು ಆಡಿಕೊಂಡು ನಕ್ಕಿದ್ದವರು ಇವರೇ.

ಹೊರಗೆ ಮೊಗಸಾಲೆಯಲ್ಲಿ ಹುಡುಗಿಯರ ಗಲಾಟೆ ಕೇಳುತ್ತಿತ್ತು. ಈ ವರ್ಷ ಶಾಲೆ ಮುಗಿಸಿ ಹೊರಡುತ್ತಿರುವ ಎಪ್ಪತ್ತು ಮಕ್ಕಳು, ಇವತ್ತು ಅವರ ಬೀಳ್ಕೊಡುಗೆ. ಇನ್ನರ್ಧ ಗಂಟೆಯಲ್ಲಿ ಅವರು ಕುಣಿಯುವುದು ಇದೇ ಪೈಪಿನ ಕೆಳಗೆ. ತಾತ ಎರಡೂ ಕೈಯಲ್ಲಿ ಪೈಪನ್ನು ಹಿಡಿದುಕೊಂಡರು. ಸೊಸೆ ಓಡಿಬಂದು ಏಣಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿಸಿಕೊಂಡಳು.

"ಬೇಸಿಗೆಯಿಂದ ಎಷ್ಟು ಕಡೆ ಕಟ್ಟಿದೀನಮ್ಮಾ ನಾನು..." ತಾತ ಮತ್ತೆ ಪೈಪಿನತ್ತ ನೋಡಿದರು. "ಅಲ್ಲೆಲ್ಲಾ ಹೀಗೇನಾ?"

"ಎಲ್ಲಾ ಕಡೆ ಅಲ್ಲ. ಒಂದೆರಡು ಕಡೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮನೆ ಹಿಡಿದು ಕೂತ್ಬಿಡ್ತಿದ್ರಿ. ಆಮೇಲೆ ನನ್ನ ಗತಿ? ಹೋದ ವಾರ ವೇದಿಕೆ ಹಲಗೆ ಟೊಳ್ಳು ಅಂತ ಬರೀ ಕಾಲಲ್ಲಿ ತಟ್ಟಿ ಹೇಳಿದ್ದು ಯಾರು? ನಾನು ಅಲ್ಲೇ ಸ್ಪೀಕರ್ ಇಟ್ಟಿದ್ರೆ ಸ್ಟ್ಯಾಂಡ್ ಸಮೇತ ಮಗುಚಿ ಬೀಳ್ತಿತ್ತು. ನಿಮ್ಮ ಕೈ ಸೋತಿರ್ಬಹುದು ಮಾವ. ತಲೆ ನನಗೆ ಬೇಕು."

ತಾತ ಸ್ಪೀಕರ್ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ಹೆಗಲ ಮೇಲಿದ್ದ ಟವೆಲಿನಿಂದ ಮುಖ ಒರೆಸಿಕೊಂಡರು. ಬೆವರೊರೆಸುವವರಂತೆ ಒರೆಸಿದರು, ಸೊಸೆಯೂ ಹಾಗೆಂದೇ ನಂಬಿದವಳಂತೆ ಅತ್ತ ತಿರುಗಿ ನಿಂತಳು.

"ನನ್ನ ಹೆಸರು ಉಳಿಸಿದೆ ತಾಯಿ," ಎಂದರು. ಆಮೇಲೆ ತಲೆ ಕೊಡವಿ, "ಹೆಸರಿನ ಮನೆ ಹಾಳಾಗ್ಲಿ. ಜೀವ ಉಳಿಸಿದೆ. ಯಾರ್‍ಯಾರ ಮನೆ ಮಕ್ಕಳದ್ದೋ. ಇದನ್ನ ನಾನು ಹೇಗೆ ತೀರಿಸ್ಲಿ?"

"ಏಣಿ ಹಿಡ್ಕೊಂಡು ತೀರಿಸಿ. ಇನ್ನೂ ಐದಿವೆ."

ತಾತ ಎದ್ದು ಏಣಿ ಹಿಡಿದರು. ಹಿಡಿದದ್ದಷ್ಟೇ ಅಲ್ಲ, ಎರಡೇ ನಿಮಿಷದಲ್ಲಿ ಕೆಳಗಿನಿಂದ ಅಧಿಕಾರವೂ ಶುರುವಾಯಿತು. "ಇನ್ನರ್ಧ ಸುತ್ತು ತಿರುಗ್ಸು. ವೈರ್ ಅಷ್ಟು ಸಡಿಲ ಬಿಡ್ಬೇಡ. ಕತ್ತು ಬಗ್ಗಿಸಿ ನೋಡೇ, ಬಿಂಕಕ್ಕೇನೂ ಕಡಿಮೆ ಇಲ್ಲ!" ಸೊಸೆ ಮೇಲಿನಿಂದ ನಕ್ಕಳು. ಬೇಸಿಗೆಯಿಂದ ಒಬ್ಬಳೇ ಹೆದರಿ ಹೆದರಿ ಮಾಡುತ್ತಿದ್ದ ಕೆಲಸ, ಇವತ್ತು ಅವಳಿಗೂ ಹಗುರವಾಗಿತ್ತು.

ಎಂಟನೆಯದು ಮುಗಿಯುವಷ್ಟರಲ್ಲಿ ಹೆಡ್ ಮೇಡಂ ಮಕ್ಕಳ ದಂಡು ಕಟ್ಟಿಕೊಂಡು ಬಂದೇಬಿಟ್ಟರು. ಪೈಪಿನ ನಡುವೆ ತೂಗುತ್ತಿದ್ದ ಭಾರಿ ಲೈಟನ್ನು ನೋಡಿ ಅವರ ಹೆಜ್ಜೆ ನಿಂತಿತು. "ಭದ್ರವಾಗಿ ಕಟ್ಟಿದೀರಿ ತಾನೆ ತಾತ? ಮಕ್ಕಳು ಇದರ ಕೆಳಗೇ ಕುಣಿಯೋದು."

"ನಾನಲ್ಲ ಮೇಡಂ. ಭದ್ರ ಮಾಡಿದ್ದು ನನ್ನ ಸೊಸೆ."

ಮೇಡಂ ಸೊಸೆಯತ್ತ ನೋಡಿದರು, ಮತ್ತೆ ಲೈಟಿನತ್ತ. ಮುಖದಲ್ಲಿನ ಅನುಮಾನ ಹೋಗಲಿಲ್ಲ. ಮಕ್ಕಳನ್ನು ಮುಂದಕ್ಕೆ ಬಿಡಲೂ ಇಲ್ಲ.

ತಾತ ಗೋಡೆಗೆ ಒರಗಿಸಿದ್ದ ಒಂದು ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ, ಆ ಭಾರಿ ಲೈಟಿನ ನೇರ ಕೆಳಗೆ ಹಾಕಿದರು. ಕೂತರು. ಕಾಲ ಮೇಲೆ ಕಾಲು ಹಾಕಿ, ಮೇಲಕ್ಕೆ ಒಮ್ಮೆಯೂ ನೋಡದೆ ಕಣ್ಣು ಮುಚ್ಚಿದರು.

"ಹಾಕಮ್ಮ ಹಾಡು."